ಮಿತಾಕ್ಷರೆಯಲ್ಲಿ ಸಂಚಾರಿರೋಗವಿಚಾರ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯೆಂಬ ವ್ಯಾಖ್ಯಾನಕ್ಕೆ ಭರತಖಂಡದಲ್ಲಿ ದೊರೆತ ಮನ್ನಣೆಯು ಎಷ್ಟೆಂಬುದು ವಿದ್ವಾಂಸರಿಗೆ ವಿದಿತವೇ ಆಗಿರುವುದು. ಜೀಮೂತವಾಹನನ ದಾಯಭಾಗವು ನಡೆಯುತ್ತಿದ್ದ ವಂಗದೇಶವನ್ನೂ ಅದರ ನೆರೆಯನ್ನೂ ಬಿಟ್ಟರೆ ಉಳಿದ ಪ್ರಾಂತಗಳ ನ್ಯಾಯಸ್ಥಾನಗಳು ಹಿಂದೂಗಳ ದಾಯವಿಚಾರದಲ್ಲಿ ಬಹುಕಾಲ ಈ ಕನ್ನಡನಾಡಿನ ಪಂಡಿತನ ಮಾತನ್ನೇ ಪ್ರಮಾಣವಾಗಿ ಹಿಡಿದುವು. 1810ರಲ್ಲಿ ಕೋಲ್‌ಬ್ರೂಕ್ ಮಹಾಶಯನು ಅದರ ದಾಯಪ್ರಕರಣವನ್ನು ಆಂಗ್ಲಭಾಷೆಗೆ ಪರಿವರ್ತಿಸಿದ ಮೇಲಂತೂ ಆ ಪ್ರಕರಣವೊಂದೇ ಇಡೀ ಗ್ರಂಥವೆಂಬ ಭಾವನೆಯು ವಿದ್ಯಾವಂತರಲ್ಲಿಯೂ ನೆಲೆಗೊಂಡಿತು. ಇದರಿಂದ ಆಚಾರಾಧ್ಯಾಯದ ವಿವಾಹಪ್ರಕರಣದಲ್ಲಿ ವಿಜ್ಞಾನೇಶ್ವರನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಒಂದು ವಿಚಾರವು ಯಾರ ಕಣ್ಣಿಗೂ ಹೆಚ್ಚಾಗಿ ಬೀಳದೆ ಹೋಯಿತು. ಅದಾವುದೆಂದರೆ, ಕೆಲವು ರೋಗಗಳು ಕುಲದಲ್ಲಿ ಹೇಗೆ ಇಳಿದು ಬರುತ್ತವೆ ಎಂಬ ವಿಚಾರ.

ಈ ಪ್ರಶ್ನೆಯು ಇಂದು ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಅತ್ಯಂತ ಸೂಕ್ಷ್ಮವಾದ ಪರೀಕ್ಷೆಗೆ ಒಳಗಾಗಿರುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಂಥ ವ್ಯಾಧಿಗಳಲ್ಲಿ ಕುಲದಿಂದ ಬರುವ ಅಂಶವೆಷ್ಟು, ಹೊರಗಿನಿಂದ ಬರುವುದೆಷ್ಟು ಎಂದು ಅಳೆದು ತೂಗಿ ನೋಡಿರುವರು. ಆ ಹೊಸ ಬೆಳಕಿನಲ್ಲಿ ಹಳೆಯ ವಾಕ್ಯವನ್ನು ಓದುವುದು ಉಚಿತವಾದರೂ, ಹಳೆಯ ವಾಕ್ಯದಲ್ಲಿ ಹೊಸ ಶಾಸ್ತ್ರವೆಲ್ಲವೂ ಅಡಗಿದೆಯೆಂದು ಸಾಧಿಸಹೊರಡುವ ಚಾಪಲ್ಯವು ಇಲ್ಲಿ ಸಲ್ಲದು. ವಿಜ್ಞಾನೇಶ್ವರನು ಹೇಳಿದ್ದೇನು, ತನ್ನ ಮುಂದಿದ್ದ ವೈದ್ಯಶಾಸ್ತ್ರದಿಂದ ತೆಗೆದುಕೊಂಡದ್ದೇನು, ಬಿಟ್ಟದ್ದೇನು, ಆ ಬಿಟ್ಟದ್ದರಿಂದ ಆದುದೇನು ಎಂಬಿಷ್ಟೇ ಪ್ರಕೃತ.

ಮೊದಲು ದೇಶವಿಚಾರ. ಇಂದಿನ ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ ಸೀಮೆಗಳು ಕಾಗಿಣಾ ನದಿಯ ಬಯಲಿಗೆ ಸೇರಿದುವು. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯು ಕಾಗಿಣೆಯನ್ನು ಕೂಡುವುದು; ಕಾಗಿಣೆಯು ಭೀಮೆಯನ್ನು ಕೂಡುವುದು. ರೈಲುಪ್ರಯಾಣಿಕರಿಗೆ ಈ ಸೀಮೆಯೆಂದರೆ ವಾಡಿಯ ಜಂಕ್ಷನ್ನು, ಶಹಾಬಾದದ ಹಾಸುಗಲ್ಲು, ಸಿಮೆಂಟಿನ ಕಾರ್ಖಾನೆಗಳು. ಇಷ್ಟರ ಹೊರತು ಬೇರೊಂದು ನೆನಪಾಗದು. ಆದರೆ ಇದೇ ಬಯಲಿನಲ್ಲಿ ಸುಮಾರು ಮುನ್ನೂರು ವರ್ಷಗಳ ಅವಧಿಯೊಳಗೆ ಮೂರು ವಿದ್ಯಾಕೇಂದ್ರಗಳು ಬೆಳಗಿದುವು. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 9ನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನವು ಕವಿರಾಜಮಾರ್ಗದಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಆದರೆ ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಪಂಡಿತ ಉಗ್ರಾದಿತ್ಯನು ಅದೇ ನೃಪತುಂಗನ ಸಭೆಯಲ್ಲಿ ಮಾಂಸಭಕ್ಷಣವು ವೈದ್ಯದೃಷ್ಟಿಯಿಂದಲೂ ಅನವಶ್ಯಕವೆಂದು ವಾದಿಸಿದನೆಂಬುದನ್ನು ಸಾಹಿತ್ಯಾಭ್ಯಾಸಿಗಳು ಅಷ್ಟಾಗಿ ಗಮನಿಸಿಲ್ಲ. ಸೋಲಾಪುರದಿಂದ 1940ರಲ್ಲಿ ಆ ಗ್ರಂಥವು ಅಚ್ಚಾಗಿರುವುದು. ವೈದ್ಯಶಾಸ್ತ್ರದ ಪ್ರಮೇಯವೊಂದು ರಾಜಸಭೆಯಲ್ಲಿ ಧರ್ಮದ ಪ್ರಮೇಯದೊಡನೆ ಕೂಡಿ ಚರ್ಚೆಗೆ ಬರುವ ವಾಡಿಕೆಯು ಈ ಸೀಮೆಗೆ ಹಳೆಯದೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯದು ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. 1058ರ ಅಲ್ಲಿಯ ಶಾಸನವು ಒಂದು ಘಟಿಕಾಸ್ಥಾನದ ವ್ಯವಸ್ಥೆಯನ್ನು ಲೆಕ್ಕಪತ್ರದಂತೆ ವಿವರಿಸುತ್ತದೆ. ವೇದಾಧ್ಯಯನ ಮಾಡುವ ವಿದ್ಯಾರ್ಥಿಗಳು 200 ಮಂದಿ, ಶಾಸ್ತ್ರಾಧ್ಯಯನ ಮಾಡುವವರು 52 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರು. ಶಾಸ್ತ್ರೋಪಾಧ್ಯಾಯರಲ್ಲಿ ಭಾಟ್ಟಮತ, ಪ್ರಾಭಾಕರಮತಗಳೆರಡನ್ನೂ ಹೇಳುವವರಿದ್ದರು. ಉಪಾಧ್ಯಾಯರಷ್ಟೇ ಸಂಖ್ಯೆಯಲ್ಲಿ ಗ್ರಂಥಪಾಲಕರಿದ್ದ ವಿದ್ಯಾಶಾಲೆಯು ಇಂದಿನ ದಿನದಲ್ಲಿಯೂ ಅಪರೂಪವೇ ಸರಿ. ಈ ಶಾಸನಗಳನ್ನು ಹೈದರಾಬಾದು ಸಂಸ್ಥಾನದ ಪುರಾತತ್ವ ಇಲಾಖೆಯು 1928ರಲ್ಲಿ ಪ್ರಕಟಿಸಿತು.

ಮೂರನೆಯದು ಶಹಾಬಾದಿನ ಸಮೀಪದ ಮರ್ತೂರು. ಇದು ವಿಜ್ಞಾನೇಶ್ವರನ ಊರೆಂದು ಆ ಸೀಮೆಯ ಪರಂಪರೆಯು ಹೇಳುತ್ತದೆ. ಬಸವಕಲ್ಯಾಣದ ಬಳಿಯ ಮಾಸಿಮಡುವು ಅವನ ಜನ್ಮಸ್ಥಳವೆಂಬ ಮಾತೂ ಉಂಟು. ಗ್ರಂಥಾಂತ್ಯದ ಲೇಖನದಿಂದ ಅವನು ಭಾರದ್ವಾಜಗೋತ್ರದ ಪದ್ಮನಾಭಭಟ್ಟನ ಮಗನೆಂದೂ, ಉತ್ತಮನೆಂಬ ಗುರುವಿನ ಶಿಷ್ಯನೆಂದೂ ತಿಳಿಯುವುದು. ಕಲ್ಯಾಣಪುರವನ್ನೂ ಅದರ ಅರಸನಾದ ವಿಕ್ರಮಾರ್ಕನನ್ನೂ ಅಲ್ಲಿಯೇ ಹೊಗಳಿರುವುದರಿಂದ, 1076 ಮೊದಲ್ಗೊಂಡು 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲವೇ ಅವನ ಕಾಲ. ನಾಗಾವಿಯ ಶಾಸನವು ಹುಟ್ಟಿ ಒಂದೆರಡು ತಲೆಗಳೊಳಗಾಗಿ ಮಿತಾಕ್ಷರೆಯು ಹುಟ್ಟಿತು. ಅವನು ನಾಗಾವಿಯಲ್ಲಿಯೇ ಓದಿದನೆಂದು ಹೇಳಲು ಆಧಾರವಿಲ್ಲ. ಆದರೆ ಅವನ ವ್ಯಾಖ್ಯಾನದ ಮೀಮಾಂಸಾಕೌಶಲವು ಎಂಥ ವಾತಾವರಣದಲ್ಲಿ ಬೆಳೆಯಿತೆಂಬುದನ್ನು ಆ ಶಾಸನವು ಚೆನ್ನಾಗಿ ತೋರಿಸುತ್ತದೆ.

ಇನ್ನು ಮೂಲವಿಚಾರ. ವರಿಸಬಾರದ ಕುಲಗಳು ಯಾವುವೆಂಬುದನ್ನು ಮನುವು ಮೂರನೆಯ ಅಧ್ಯಾಯದಲ್ಲಿ ಎಣಿಸಿರುವನು. ಅವು ಹತ್ತು. ಸಂಸ್ಕಾರಗಳನ್ನು ಬಿಟ್ಟ ಕುಲ, ಗಂಡುಸಂತಾನವಿಲ್ಲದ ಕುಲ, ವೇದಾಧ್ಯಯನವಿಲ್ಲದ ಕುಲ, ಮೈಮೇಲೆ ರೋಮವು ಹೆಚ್ಚಾದವರ ಕುಲ ಇವುಗಳ ಜೊತೆಯಲ್ಲಿಯೇ ಅರ್ಶಸ್ಸು, ಕ್ಷಯ, ಅಗ್ನಿಮಾಂದ್ಯ, ಅಪಸ್ಮಾರ, ಶ್ವಿತ್ರ, ಕುಷ್ಠ ಉಳ್ಳ ಕುಲಗಳನ್ನೂ ಸೇರಿಸಿರುವನು. ಆಚಾರದ ಕೊರತೆಯೂ ದೇಹದ ಕೊರತೆಯೂ ಅವನಿಗೆ ಒಂದೇ ಪಂಕ್ತಿ. ಕಾರಣವನ್ನು ಅವನು ಹೇಳುವುದೇ ಇಲ್ಲ. ಯಾಜ್ಞವಲ್ಕ್ಯನು ಇದನ್ನು ಸಂಗ್ರಹಿಸಿ, ಹತ್ತು ತಲೆಗಳಿಂದ ಪ್ರಖ್ಯಾತವಾದ ಶ್ರೋತ್ರಿಯರ ಮಹಾಕುಲದಿಂದ ಕನ್ಯೆಯನ್ನು ತರಬೇಕೆಂದೂ, ಆದರೆ ಅದು ಎಷ್ಟೇ ಸಮೃದ್ಧವಾಗಿದ್ದರೂ ಸಂಚಾರಿಗಳಾದ ರೋಗಗಳಿಂದಲೂ ದೋಷಗಳಿಂದಲೂ ಕೂಡಿದ್ದರೆ ತರಬಾರದೆಂದೂ ವಿಧಿಸಿದನು. ಇಲ್ಲಿ ರೋಗ, ದೋಷ ಎಂಬ ಎರಡು ಬೇರೆ ಪದಗಳು ಬಂದುವು. ರೋಗಕ್ಕೆ ಸಂಚಾರಿಯೆಂಬ ವಿಶೇಷಣವೂ ಬಂದಿತು.

ವಿಜ್ಞಾನೇಶ್ವರನು ಈ ಎರಡು ಪದಗಳ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದನು. ಸಂಸ್ಕಾರಹೀನತೆ ಮೊದಲಾಗಿ ಮನುವು ಹೇಳಿದವು ದೋಷಗಳು. ಶ್ವಿತ್ರ, ಕುಷ್ಠ, ಅಪಸ್ಮಾರ ಮೊದಲಾದವು ಸಂಚಾರಿರೋಗಗಳು. ಅವು ಸಂಚರಿಸುವುದು ಶುಕ್ರಶೋಣಿತಗಳ ದ್ವಾರದಿಂದ ಒಳಹೊಕ್ಕು ಎಂದು ಅವನ ವಿವರಣೆ. ಸಂಚಾರಿಯೆಂದರೆ ಮುಟ್ಟಿದರೆ ಅಂಟುವುದು ಎಂಬ ಅರ್ಥವನ್ನು ಅವನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಮನೆಯಿಂದ ಮನೆಗೆ ಹಾಯುವ ರೋಗವಲ್ಲ, ತಂದೆತಾಯಿಗಳಿಂದ ಮಕ್ಕಳಿಗೆ ಬೀಜದ ಮೂಲಕ ಇಳಿಯುವ ರೋಗ. ವ್ಯಾಖ್ಯಾನಕಾರನೊಬ್ಬನು ಧರ್ಮಶಾಸ್ತ್ರದ ನಿಷೇಧಕ್ಕೆ ಅದೃಷ್ಟವನ್ನು ಕಾರಣವಾಗಿ ಹೇಳಿ ಮುಂದೆ ಸಾಗಬಹುದಾಗಿದ್ದ ಸ್ಥಳದಲ್ಲಿ ದೃಷ್ಟವಾದ ಕಾರಣವನ್ನು ಹೇಳಿದುದು ಸಾಮಾನ್ಯವಾದ ಸಂಗತಿಯಲ್ಲ.

ಅವನ ದೃಷ್ಟಿಯು ಇಲ್ಲಿ ಆಕಸ್ಮಿಕವಾಗಿ ಹೀಗೆ ತಿರುಗಿತೆಂದು ತಿಳಿಯಬಾರದು. ಇದಕ್ಕೆ ಸ್ವಲ್ಪ ಹಿಂದೆಯೇ ಅಸಪಿಂಡೆಯನ್ನು ವರಿಸಬೇಕೆಂಬಲ್ಲಿ ಸಪಿಂಡಶಬ್ದಕ್ಕೆ ಅವನು ಮಾಡಿದ ಅರ್ಥವು ಲೋಕಪ್ರಸಿದ್ಧವಾದುದು. ಪಿಂಡವೆಂದರೆ ಶ್ರಾದ್ಧದ ಅನ್ನವಲ್ಲ, ಶರೀರ. ಒಂದೇ ಶರೀರದ ಅವಯವಗಳ ಅನುವೃತ್ತಿಯಿಂದ ಸಾಪಿಂಡ್ಯವು ಬರುವುದು. ಮಗನಿಗೆ ತಂದೆಯೊಡನೆ, ತಂದೆಯ ದ್ವಾರಾ ಪಿತಾಮಹನೊಡನೆ, ತಾಯಿಯೊಡನೆ, ತಾಯಿಯ ದ್ವಾರಾ ಮಾತಾಮಹನೊಡನೆ ಹೀಗೆ ಶರೀರಾಂಶದ ಸಂಬಂಧವು ಸಾಗುವುದು. ದಂಪತಿಗಳು ಕೂಡಿ ಒಂದು ಶರೀರವನ್ನು ಆರಂಭಿಸುವುದರಿಂದ ಅವರೂ ಸಪಿಂಡರೆಂದು ಹೇಳುವಾಗ ಅವನ ತರ್ಕವು ಸ್ವಲ್ಪ ಹಿಗ್ಗಿದೆಯೆಂಬುದು ನಿಜ. ಆದರೆ ಅದರ ಮುಂದಿನ ಆಕ್ಷೇಪವು ಬಹು ಸೊಗಸಾದುದು. ಸಂಸಾರವು ಅನಾದಿಯಾದುದರಿಂದ ಹೇಗೋ ಒಂದು ರೀತಿಯಲ್ಲಿ ಎಲ್ಲರಿಗೂ ಎಲ್ಲರೊಡನೆಯೂ ಶರೀರಸಂಬಂಧವು ಇದ್ದೇ ಇರುವುದಷ್ಟೆ. ಹಾಗಾದರೆ ಯಾರೂ ಯಾರನ್ನೂ ಮದುವೆಯಾಗುವಂತಿಲ್ಲ. ಆದುದರಿಂದಲೇ ತಾಯಿಯ ಕಡೆ ಐದು, ತಂದೆಯ ಕಡೆ ಏಳು ಎಂಬ ಎಲ್ಲೆಯನ್ನು ಶಾಸ್ತ್ರವು ಹಾಕಿತೆಂದು ಅವನ ಸಮಾಧಾನ. ತಲೆಯೊಂದು ಕಳೆದಂತೆ ಪೂರ್ವಿಕನ ಅಂಶವು ಅರ್ಧರ್ಧವಾಗಿ ಕ್ಷೀಣಿಸುವುದೆಂಬುದು ಇಂದಿನ ತಳಿಶಾಸ್ತ್ರದ ಮೊದಲ ಪಾಠ. ತನ್ನನ್ನೂ ಸೇರಿಸಿ ಎಣಿಸಿದರೆ ಏಳನೆಯವನಾಗುವ ಪೂರ್ವಿಕನಿಂದ ಒಬ್ಬನಿಗೆ ಬರುವ ಅಂಶವು ಸರಾಸರಿ 64ರಲ್ಲಿ 1. ವಿಜ್ಞಾನೇಶ್ವರನು ಈ ಲೆಕ್ಕವನ್ನು ಮಾಡಲಿಲ್ಲ. ಸಂಬಂಧವು ಕಡಿದುಹೋಗುವುದಿಲ್ಲ, ಗಣನೆಗೆ ಬಾರದಷ್ಟು ದೂರವಾಗುವುದು ಎಂಬ ಭಾವವು ಮಾತ್ರ ಅವನಲ್ಲಿ ಸ್ಪಷ್ಟವಾಗಿರುವುದು.

ಈ ಬೀಜವಿಚಾರವು ಅವನಿಗೆ ಎಲ್ಲಿಂದ ಬಂದಿತು? ಆಯುರ್ವೇದದಿಂದಲೇ ಎಂಬುದರಲ್ಲಿ ಸಂಶಯವಿಲ್ಲ. ಶುಕ್ರಶೋಣಿತವೆಂಬ ಜೋಡಿಪದವೇ ಅದರ ಗುರುತು. ಸುಶ್ರುತನು ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ವಿಂಗಡಿಸುವಾಗ, ಶುಕ್ರಶೋಣಿತಗಳ ದೋಷದಿಂದ ಹುಟ್ಟುವ ಕುಷ್ಠ, ಅರ್ಶಸ್ಸು ಮೊದಲಾದವನ್ನು ಆದಿಬಲಪ್ರವೃತ್ತವೆಂದು ಕರೆದು, ಅವನ್ನು ಮಾತೃಜ, ಪಿತೃಜ ಎಂದು ಎರಡಾಗಿ ಭಾಗಿಸಿರುವನು. ಪ್ರಮೇಹಿಯ ಮಗನಿಗೆ ಹುಟ್ಟಿನಿಂದಲೇ ಬರುವ ಪ್ರಮೇಹವು ಬೀಜದೋಷದಿಂದ ಬಂದುದಾದ ಕಾರಣ ಅಸಾಧ್ಯವೆಂದೂ, ಕುಲಜವಾದ ಇತರ ವಿಕಾರಗಳೂ ಹಾಗೆಯೇ ಎಂದೂ ಚರಕಸಂಹಿತೆಯು ಹೇಳುವುದು. ಇಷ್ಟು ಭಾಗವು ಮಿತಾಕ್ಷರೆಗೆ ಇಳಿದು ಬಂದಿರುವುದು.

ಆದರೆ ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಇನ್ನೊಂದು ಮಾತಿದೆ. ಅಲ್ಲಿ ಭರದ್ವಾಜನು ಒಂದು ಪ್ರಶ್ನೆಯನ್ನೆತ್ತುವನು. ಮನುಷ್ಯನಿಂದ ಮನುಷ್ಯನೇ ಹುಟ್ಟುವನೆಂದಾದರೆ, ಜಡ, ಕುರುಡ, ಕುಬ್ಜ, ಮೂಕ, ಕುಷ್ಠಿ ಮೊದಲಾದವರ ಮಕ್ಕಳು ತಂದೆಯಂತೆ ಏಕೆ ಆಗುವುದಿಲ್ಲ? ಇದಕ್ಕೆ ಆತ್ರೇಯನು ಕೊಟ್ಟ ಉತ್ತರವು ಪ್ರಾಚೀನ ವೈದ್ಯದ ಅತ್ಯಂತ ಪರಿಷ್ಕೃತವಾದ ಪ್ರಮೇಯಗಳಲ್ಲಿ ಒಂದಾಗಿರುವುದು. ಬೀಜವೆಂಬುದು ಅಖಂಡವಾದ ಒಂದು ವಸ್ತುವಲ್ಲ. ಅದರಲ್ಲಿ ಒಂದೊಂದು ಅಂಗಕ್ಕೆ ಒಂದೊಂದು ಬೀಜಭಾಗವಿದೆ. ಯಾವ ಅಂಗದ ಬೀಜಭಾಗವು ಕೆಟ್ಟಿರುವುದೋ ಆ ಅಂಗದಲ್ಲಿಯೇ ವಿಕಾರವು ತೋರುವುದು; ಅದು ಕೆಡದಿದ್ದರೆ ತೋರುವುದಿಲ್ಲ. ತಂದೆಯ ದೇಹದಲ್ಲಿ ವಿಕಾರವಿದ್ದ ಮಾತ್ರಕ್ಕೆ ಅವನ ಬೀಜದಲ್ಲಿ ವಿಕಾರವಿರಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಕುಷ್ಠಿಯ ಮಗನು ಕುಷ್ಠಿಯಾಗಿಯೇ ಹುಟ್ಟಬೇಕಾದುದಿಲ್ಲ.

ಈ ಎರಡನೆಯ ಮಾತನ್ನು ವಿಜ್ಞಾನೇಶ್ವರನು ವಿವಾಹಪ್ರಕರಣಕ್ಕೆ ತರಲಿಲ್ಲ. ವೈದ್ಯನು ಬೀಜಭಾಗವನ್ನು ನೋಡಿದನು. ಧರ್ಮಶಾಸ್ತ್ರಜ್ಞನು ಕುಲವನ್ನು ನೋಡಿದನು. ನಿಷೇಧವು ರೋಗಿಯ ಮೇಲಲ್ಲ, ರೋಗಿಯಿರುವ ಕುಲದ ಮೇಲೆಯೇ ಬಿದ್ದಿತು. ಕನ್ಯೆಯು ಸ್ವತಃ ಅರೋಗಿಣಿಯಾಗಿರಬೇಕೆಂದು ಯಾಜ್ಞವಲ್ಕ್ಯನು ಬೇರೆಯಾಗಿಯೇ ಹೇಳಿರುವನಾದುದರಿಂದ, ಇಲ್ಲಿ ಉದ್ದಿಷ್ಟಳಾದವಳು ಆರೋಗ್ಯವಂತಳಾದ ಕನ್ಯೆಯೇ. ಅಣ್ಣನಿಗೆ ತೊನ್ನು ಇದ್ದರೆ ತಂಗಿಯ ಜಾತಕವು ಹಿಂದಿರುಗುವುದು, ಅತ್ತೆಗೆ ಮೂರ್ಛೆ ಬರುತ್ತಿದ್ದರೆ ಸೊಸೆಯಂದಿರಾಗಬೇಕಾದವರ ಮನೆಯವರು ಪಿಸುಗುಟ್ಟುವುದು, ಮದುವೆಯ ಮಾತು ಮುಗಿಯುವವರೆಗೆ ರೋಗಿಯನ್ನು ಬಂಧುಗಳ ಊರಿಗೆ ಕಳುಹಿಸಿಬಿಡುವುದು ಇವೆಲ್ಲವೂ ಶ್ಲೋಕವನ್ನು ಎಂದೂ ಕೇಳದವರ ಮನೆಗಳಲ್ಲಿಯೂ ಇಂದಿಗೂ ನಡೆಯುವ ಸಂಗತಿಗಳು.

ವಿಜ್ಞಾನೇಶ್ವರನು ಹೆಸರಿಸಿದ ಮೂರು ರೋಗಗಳ ಬಗೆಗೆ ಇಂದು ತಿಳಿದಿರುವುದೇನೆಂದು ನೋಡಿದರೆ, ಒಂದೇ ವಾಕ್ಯದಲ್ಲಿ ಸೇರಿದ ಆ ಮೂರೂ ಮೂರು ಜಾತಿಯವೆಂದು ತೋರುವುದು.

ಕುಷ್ಠವನ್ನು ಕುರಿತು ಒಂದು ಎಚ್ಚರಿಕೆಯು ಅವಶ್ಯ. ಶಾಸ್ತ್ರದಲ್ಲಿ ಕುಷ್ಠವೆಂದರೆ ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟು ಬಗೆಯ ಚರ್ಮವಿಕಾರಗಳು. ಇಂದಿನ ಕುಷ್ಠರೋಗವು ಅವುಗಳಲ್ಲಿ ಕೆಲವಕ್ಕೆ ಮಾತ್ರ ಸರಿಹೊಂದುವುದು. ಆ ಕುಷ್ಠರೋಗವು ಕುಲಜವೆಂಬ ನಂಬಿಕೆಯು ಭಾರತೀಯರದು ಮಾತ್ರವಲ್ಲ. ನಾರ್ವೆ ದೇಶದ ಡೇನಿಯಲ್ಸನ್, ಬೋಕ್ ಎಂಬ ವೈದ್ಯರು 1847ರ ತಮ್ಮ ಗ್ರಂಥದಲ್ಲಿ ಅದನ್ನೇ ಹೇಳಿದರು. 1873ರಲ್ಲಿ ಅದೇ ದೇಶದ ಬರ್ಗೆನ್ ಪಟ್ಟಣದಲ್ಲಿ ಹ್ಯಾನ್ಸನ್ ವೈದ್ಯನು ರೋಗಿಯ ಗಂಟಿನಲ್ಲಿ ರೋಗಾಣುವನ್ನು ಕಂಡ ಮೇಲೆ ಬೀಜವಾದವು ಬಿದ್ದುಹೋಯಿತು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ರೋಗಾಣುವು ಹೊಕ್ಕವರಲ್ಲಿ ಬಹುಮಂದಿಗೆ ರೋಗವು ಬರುವುದೇ ಇಲ್ಲವೆಂಬುದು ಕಂಡುಬಂದಿತು. ಭಾರತದಲ್ಲಿಯೇ ಅವಳಿಗಳನ್ನು ಪರೀಕ್ಷಿಸಿ ಚಕ್ರವರ್ತಿ ಮತ್ತು ಫೋಗೆಲ್ ಎಂಬವರು 1973ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಒಂದೇ ಪಿಂಡದಿಂದ ಹುಟ್ಟಿದ ಅವಳಿಗಳಲ್ಲಿ ಇಬ್ಬರಿಗೂ ಕುಷ್ಠವಿದ್ದುದು ನೂರಕ್ಕೆ ಸುಮಾರು 60 ಜೋಡಿಗಳಲ್ಲಿ, ಬೇರೆ ಬೇರೆ ಪಿಂಡಗಳ ಅವಳಿಗಳಲ್ಲಿ ಸುಮಾರು 20 ಜೋಡಿಗಳಲ್ಲಿ. ಎಂದರೆ ರೋಗವು ಹೊರಗಿನಿಂದ ಬಂದುದು, ಅದಕ್ಕೆ ಎಡೆಗೊಡುವ ಒಲವು ಬೀಜದಿಂದ ಬಂದುದು. ವಿಜ್ಞಾನೇಶ್ವರನ ವಾಕ್ಯವನ್ನು ಇಲ್ಲಿ ಪೂರ್ಣವಾಗಿ ತಪ್ಪೆನ್ನಲೂ ಆಗದು, ಸರಿಯೆನ್ನಲೂ ಆಗದು.

ಅಪಸ್ಮಾರವು ರೋಗಕ್ಕಿಂತ ಹೆಚ್ಚಾಗಿ ಲಕ್ಷಣಸಮೂಹ. ಕೆಲವು ಬಗೆಯವು ಬೀಜದಿಂದಲೇ ಬರುತ್ತವೆ. ತಲೆಗೆ ಬಿದ್ದ ಪೆಟ್ಟಿನಿಂದಲೂ ಮಿದುಳಿಗೆ ಸೇರಿದ ಲಾಡಿಹುಳುವಿನ ಮರಿಯಿಂದಲೂ ಬರುವವುಗಳಿಗೆ ಕುಲದ ಸಂಬಂಧವೇ ಇಲ್ಲ.

ಶ್ವಿತ್ರವು ಇವೆರಡಕ್ಕಿಂತ ಗಹನವಾದುದು. ಕನ್ನಡದಲ್ಲಿ ತೊನ್ನು ಎನ್ನುವ ಈ ವಿಕಾರಕ್ಕೆ ಚರಕಸಂಹಿತೆಯು ಸುಳ್ಳು, ಕೃತಘ್ನತೆ, ದೇವನಿಂದೆ ಮೊದಲಾದವನ್ನೂ ಕಾರಣಗಳಾಗಿ ಹೇಳಿರುವುದು. ವಿಜ್ಞಾನೇಶ್ವರನು ಅವುಗಳನ್ನು ಈ ಪ್ರಕರಣದಲ್ಲಿ ಹೇಳದೆ ಬೀಜವನ್ನು ಮಾತ್ರ ಹೇಳಿದುದು ಅವನಿಗೆ ಸಲ್ಲಬೇಕಾದ ಶ್ರೇಯಸ್ಸು. ತೊನ್ನು ಅಂಟುರೋಗವಲ್ಲ. ದೇಹವನ್ನು ಶತ್ರುಗಳಿಂದ ಕಾಯಬೇಕಾದ ರಕ್ಷಣಶಕ್ತಿಯು ದಿಕ್ಕು ತಪ್ಪಿ ತನ್ನದೇ ಚರ್ಮದಲ್ಲಿ ಬಣ್ಣವನ್ನು ಹುಟ್ಟಿಸುವ ಕಣಗಳನ್ನು ಕೊಲ್ಲುವುದೇ ಅದರ ಸ್ವರೂಪ. ಏಕಪಿಂಡದ ಅವಳಿಗಳಲ್ಲಿ ಒಬ್ಬನಿಗೆ ತೊನ್ನಿದ್ದರೆ ಇನ್ನೊಬ್ಬನಿಗೂ ಇರುವುದು ನೂರಕ್ಕೆ 23 ಜೋಡಿಗಳಲ್ಲಿ ಮಾತ್ರವೆಂದು 2003ರ ಒಂದು ಪರೀಕ್ಷೆಯು ತೋರಿಸಿತು. ಬೀಜವು ಅಕ್ಷರಶಃ ಒಂದೇ ಆಗಿದ್ದರೂ ನಾಲ್ವರಲ್ಲಿ ಮೂವರು ರೋಗದಿಂದ ಪಾರಾಗುವರು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ಇದೇ ಜಾತಿಗೆ ಸೇರಿದ ರೋಗ. ಅಲ್ಲಿ ರಕ್ಷಣಶಕ್ತಿಯು ತಿರುಗಿ ಬೀಳುವುದು ಚರ್ಮದ ಮೇಲಲ್ಲ, ಮಿದುಳು ಮತ್ತು ಬೆನ್ನುಹುರಿಗಳಲ್ಲಿ ನರತಂತುಗಳನ್ನು ಹೊದೆದಿರುವ ಮಜ್ಜೆಯಂಥ ಕವಚದ ಮೇಲೆ. ಕವಚವು ಹರಿದಲ್ಲಿ ಕಲೆಗಳು ಗಟ್ಟಿಯಾಗುವುವು. ದೃಷ್ಟಿ ಮಂದವಾಗುವುದು, ಕಾಲು ತಡವರಿಸುವುದು, ಕೈ ನಡುಗುವುದು, ಕೆಲವು ಕಾಲ ಇಳಿದು ಮತ್ತೆ ಮರುಕಳಿಸುವುದು. ಪ್ಯಾರಿಸ್ ನಗರದ ಶಾರ್ಕೋ ವೈದ್ಯನು 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ನಿರೂಪಿಸಿದನು. ಇದನ್ನು ವಾತವ್ಯಾಧಿಗಳಲ್ಲಿ ಯಾವುದಾದರೊಂದರ ಹೆಸರಿನಿಂದ ಕರೆದು ಹಿಂದಿನವರಿಗೂ ಗೊತ್ತಿತ್ತೆಂದು ಸಂತೋಷಪಡುವವರು ಉಂಟು. ಹೊಸ ರೋಗಕ್ಕೆ ಹಳೆಯ ಹೆಸರಿನ ಚೀಟಿಯನ್ನು ಅಂಟಿಸುವುದರಿಂದ ಎರಡೂ ಶಾಸ್ತ್ರಗಳಿಗೆ ಅಪಚಾರವಾಗುವುದೇ ಹೊರತು ಪ್ರಯೋಜನವಿಲ್ಲ. ಹೋಲಿಸಬೇಕಾದುದು ಹೆಸರನ್ನಲ್ಲ, ಕುಲದ ಪ್ರಮೇಯವನ್ನು.

ಆ ಪ್ರಮೇಯದಲ್ಲಿ ಯುರೋಪಿನವರೂ ಮೊದಲು ಕುಲದ ಕಡೆಗೇ ವಾಲಿದರು. 1896ರಲ್ಲಿ ಐಖ್‌ಹಾರ್ಸ್ಟ್ ಎಂಬ ವೈದ್ಯನು ಇದು ವಂಶದಲ್ಲಿ ಇಳಿಯುವ ರೋಗವೆಂದು ಬರೆದನು. ಅವಳಿಗಳ ಪರೀಕ್ಷೆಗಳಿಂದ ಏಕಪಿಂಡದವರಲ್ಲಿ ನೂರಕ್ಕೆ ಸುಮಾರು 25ರಿಂದ 30, ಭಿನ್ನಪಿಂಡದವರಲ್ಲಿ 3ರಿಂದ 5 ಎಂದು ತಿಳಿದುಬಂದಿತು. ರೋಗಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಮಾತ್ರ ರೋಗವು ಬರಬಹುದು. ಉಳಿದ ತೊಂಬತ್ತೆಂಟು ಮಂದಿಗೆ ಬಾರದು. 1972ರಲ್ಲಿ ಡೆನ್ಮಾರ್ಕಿನ ವಿದ್ವಾಂಸರು ರಕ್ಷಣಶಕ್ತಿಯು ತನ್ನದು, ಪರರದು ಎಂದು ಗುರುತಿಸಲು ನೆರವಾಗುವ ಎಚ್.ಎಲ್.ಎ. ಎಂಬ ವಂಶವಾಹಿಗಳ ಗುಂಪಿನಲ್ಲಿ ರೋಗಿಗಳ ಬೀಜವು ಇತರರದಕ್ಕಿಂತ ಭಿನ್ನವಾಗಿರುವುದನ್ನು ಕಂಡರು. ಮುಂದಿನ ಪರಿಶೋಧನೆಗಳಿಂದ ಆ ಗುಂಪಿನ ಡಿಆರ್‌ಬಿ1*15:01 ಎಂಬ ಭೇದವು ಮುಖ್ಯವೆಂದೂ, ಅದನ್ನು ಹೊತ್ತವರಿಗೆ ಅಪಾಯವು ಸುಮಾರು ಮೂರು ಪಟ್ಟು ಹೆಚ್ಚೆಂದೂ ನಿರ್ಣಯವಾಯಿತು. 2019ರಲ್ಲಿ ಅನೇಕ ದೇಶಗಳ ವಿದ್ವಾಂಸರು ಕೂಡಿ ಪ್ರಕಟಿಸಿದ ಲೇಖನದಲ್ಲಿ ಇಂಥ ಬೀಜಭೇದಗಳ ಸಂಖ್ಯೆಯು 233ಕ್ಕೆ ಮುಟ್ಟಿತು. ಒಂದೊಂದೂ ತಕ್ಕಡಿಯಲ್ಲಿ ಇಡುವ ಭಾರವು ಗುಲಗಂಜಿಯಷ್ಟು. ಯಾವುದೂ ಒಂಟಿಯಾಗಿ ರೋಗವನ್ನು ತರಲಾರದು. ಇದಲ್ಲದೆ ಹೊರಗಿನ ಕಾರಣಗಳೂ ಬೇಕು. ಅಮೆರಿಕದ ಸೈನ್ಯದಲ್ಲಿದ್ದ ಒಂದು ಕೋಟಿಗಿಂತ ಹೆಚ್ಚು ಮಂದಿಯನ್ನು ಕುರಿತು 2022ರಲ್ಲಿ ಪ್ರಕಟವಾದ ಪರಿಶೋಧನೆಯಂತೆ, ಎಪ್‌ಸ್ಟೈನ್-ಬಾರ್ ಎಂಬ ಸರ್ವಸಾಮಾನ್ಯವಾದ ವೈರಸ್ಸು ಹೊಕ್ಕ ಮೇಲೆ ಈ ರೋಗದ ಸಂಭವವು 32 ಪಟ್ಟು ಏರುವುದು. ಆ ವೈರಸ್ಸಾದರೋ ಲೋಕದ ಬಹುತೇಕ ಜನರಲ್ಲಿದೆ, ರೋಗವು ಮಾತ್ರ ಕೆಲವರಿಗೆ.

ಕರ್ನಾಟಕದಲ್ಲಿ ಈ ವಿಚಾರವನ್ನು ವ್ಯವಸ್ಥಿತವಾಗಿ ನೋಡಿದವರು ಮಂಗಳೂರಿನ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಲೇಖಾ ಪಂಡಿತ್ ಮತ್ತು ಅವರ ಸಹಾಯಕರು. 2014ರಲ್ಲಿ ಅವರು ಪ್ರಕಟಿಸಿದ ಗಣನೆಯಂತೆ ಮಂಗಳೂರು ನಗರದಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿಗೆ ಈ ರೋಗವಿದ್ದಿತು. ಉತ್ತರ ಯುರೋಪಿನಲ್ಲಿ ಈ ಸಂಖ್ಯೆಯು ನೂರನ್ನು ಮೀರುವುದು. ಮುಂಬಯಿ, ಪುಣೆಗಳ ಪಾರಸಿಗಳಲ್ಲಿ ಲಕ್ಷಕ್ಕೆ ಇಪ್ಪತ್ತನ್ನು ಮೀರಿತ್ತೆಂದು 1990ರಲ್ಲಿಯೇ ವರದಿಯಾಗಿದ್ದಿತು. ಒಂದೇ ನೀರು, ಒಂದೇ ಬಿಸಿಲು ಇರುವ ಪಟ್ಟಣದಲ್ಲಿ ಒಂದು ಸಮುದಾಯಕ್ಕೆ ಹೆಚ್ಚಾಗಿಯೂ ನೆರೆಯವರಿಗೆ ಕಡಮೆಯಾಗಿಯೂ ರೋಗವು ಬರುವುದಾದರೆ ಬೀಜದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ಯುರೋಪಿನಲ್ಲಿ ಕಂಡ ಬೀಜಭೇದಗಳಲ್ಲಿ ಹಲವು ಭಾರತೀಯ ರೋಗಿಗಳಲ್ಲಿಯೂ ಅದೇ ಕಡೆಗೆ ವಾಲುವುದನ್ನು ಮಂಗಳೂರಿನವರು ತೋರಿಸಿರುವರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದೇ ಹಿಂದೆ ತಿಳಿಯಲಾಗುತ್ತಿದ್ದ ಕೆಲವರದು ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಬೇರೆಯೇ ರೋಗವೆಂಬುದು 2004ರಲ್ಲಿ ಅದರ ವಿಶಿಷ್ಟ ಪ್ರತಿಕಾಯವು ದೊರೆತ ಮೇಲೆ ಸ್ಪಷ್ಟವಾಯಿತು. ಹದಿನೆಂಟು ಕುಷ್ಠಗಳಿಗೆ ಒಂದೇ ಹೆಸರಿದ್ದಂತೆ, ಇಲ್ಲಿಯೂ ಒಂದು ಹೆಸರಿನೊಳಗೆ ಎರಡು ವಸ್ತುಗಳಿದ್ದುವು.

ಇಲ್ಲಿ ಸಾಪಿಂಡ್ಯಕ್ಕೂ ಸಂಚಾರಿರೋಗಕ್ಕೂ ಇರುವ ಅಂತರವನ್ನು ಮರೆಯಬಾರದು. ದಕ್ಷಿಣದವರು ಸೋದರಮಾವನ ಮಗಳನ್ನು ಮದುವೆಯಾಗುವರೆಂದು ಬೌಧಾಯನನೇ ಹೇಳಿರುವನು. ಪರಾಶರಮಾಧವೀಯದಲ್ಲಿ ಅದನ್ನು ಸಮರ್ಥಿಸಿಯೂ ಇದೆ. ಕಾಗಿಣೆಯ ಬಯಲಿನಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯು ವಿಜ್ಞಾನೇಶ್ವರನ ಎಲ್ಲೆಯನ್ನು ಎಂದಿನಿಂದಲೋ ದಾಟಿರುವುದು. 1980ರ ದಶಕದಲ್ಲಿ ಬಿಟಲ್ಸ್, ಅಪ್ಪಾಜಿ ರಾವ್ ಮೊದಲಾದವರು ಬೆಂಗಳೂರು, ಮೈಸೂರುಗಳಲ್ಲಿ ನೋಡಿದಾಗ ಸುಮಾರು ಮೂರರಲ್ಲಿ ಒಂದು ವಿವಾಹವು ರಕ್ತಸಂಬಂಧದೊಳಗಿನದಾಗಿದ್ದಿತು. ಇದರಿಂದ ಹೆಚ್ಚುವುದು ತಂದೆತಾಯಿಗಳಿಬ್ಬರಿಂದಲೂ ಒಂದೇ ದೋಷವು ಬಂದು ಸೇರಿದಾಗ ಮಾತ್ರ ತೋರುವ ರೋಗಗಳು. ನೂರಾರು ಅಲ್ಪಕಾರಣಗಳು ಕೂಡಿ ಬರುವ ತೊನ್ನು, ಮಲ್ಟಿಪಲ್ ಸ್ಕ್ಲೆರೋಸಿಸ್‌ಗಳ ದಾರಿಯು ಅದಲ್ಲ. ವಿಚಿತ್ರವೆಂದರೆ, ದೃಷ್ಟವಾದ ಹಾನಿಯುಳ್ಳ ಸಾಪಿಂಡ್ಯನಿಷೇಧವನ್ನು ಲೋಕವು ಧಾರಾಳವಾಗಿ ಸಡಿಲಿಸಿಕೊಂಡಿತು. ಹಾನಿಯು ಅಲ್ಪವಾಗಿರುವೆಡೆ ಸಂಚಾರಿರೋಗದ ನಿಷೇಧವನ್ನು ಬಿಗಿಯಾಗಿ ಹಿಡಿಯಿತು.

ಮಿತಾಕ್ಷರೆಯ ಉಳಿದೆರಡು ಅಧ್ಯಾಯಗಳನ್ನು ಇದರ ಪಕ್ಕದಲ್ಲಿಟ್ಟರೆ ಮತ್ತೊಂದು ಸಂಗತಿಯು ಹೊಳೆಯುವುದು. ಪ್ರಾಯಶ್ಚಿತ್ತಾಧ್ಯಾಯದ ಕರ್ಮವಿಪಾಕದಲ್ಲಿ ಕ್ಷಯಕ್ಕೂ ಚರ್ಮದ ಕೆಡುಕಿಗೂ ಕಾರಣವು ರೋಗಿಯು ಹಿಂದಿನ ಜನ್ಮದಲ್ಲಿ ಮಾಡಿದ ಮಹಾಪಾತಕ. ಕುಲದ ಮಾತೇ ಅಲ್ಲಿಲ್ಲ. ವ್ಯವಹಾರಾಧ್ಯಾಯದಲ್ಲಿಯಾದರೋ ಕ್ಲೀಬ, ಪತಿತ, ಪಂಗು, ಉನ್ಮತ್ತ, ಜಡ, ಅಂಧ, ಅಚಿಕಿತ್ಸ್ಯರೋಗಿ ಮೊದಲಾದವರಿಗೆ ದಾಯದಲ್ಲಿ ಭಾಗವಿಲ್ಲ, ಅನ್ನವಸ್ತ್ರ ಮಾತ್ರ. ಅಚಿಕಿತ್ಸ್ಯರೋಗಕ್ಕೆ ಯಕ್ಷ್ಮವೇ ಮೊದಲಾದುದನ್ನು ಉದಾಹರಿಸಿ, ವಿಭಾಗವಾದ ಮೇಲೆ ರೋಗ ಬಂದವನ ಭಾಗವನ್ನು ಕಿತ್ತುಕೊಳ್ಳುವಂತಿಲ್ಲವೆಂದೂ, ಔಷಧದಿಂದ ದೋಷವು ಹೋದರೆ ಅನಂತರವಾದರೂ ಭಾಗವನ್ನು ಕೊಡಬೇಕೆಂದೂ ವಿಜ್ಞಾನೇಶ್ವರನು ಕರುಣೆಯಿಂದ ವಿಸ್ತರಿಸಿರುವನು. ಅದಕ್ಕೂ ಮಿಗಿಲಾದುದು ಮುಂದಿನ ವಿಧಿ. ಅಂಥವರ ಮಕ್ಕಳು ನಿರ್ದೋಷಿಗಳಾಗಿದ್ದರೆ ಅವರು ತಾತನ ಆಸ್ತಿಯಲ್ಲಿ ಭಾಗಕ್ಕೆ ಅರ್ಹರು. ರೋಗಿಯ ಮಗನು ನಿರ್ದೋಷಿಯಾಗಿರಬಹುದು ಎಂಬ ಆತ್ರೇಯನ ಮಾತು ವಿವಾಹಪ್ರಕರಣದಲ್ಲಿ ಬಾಗಿಲ ಹೊರಗೆ ನಿಂತಿದ್ದು, ದಾಯಪ್ರಕರಣದಲ್ಲಿ ಮಾತ್ರ ಒಳಕ್ಕೆ ಬಂದಂತಾಯಿತು. ಮಗನಿಗೆ ಹೊಲದಲ್ಲಿ ಪಾಲು ದೊರೆಯಿತು. ಅದೇ ಮನೆಯ ಮಗಳಿಗೆ ವರನು ದೊರೆಯಲಿಲ್ಲ. ಆ ಹೆಣ್ಣುಮಕ್ಕಳನ್ನು ವಿವಾಹವಾಗುವವರೆಗೆ ಪೋಷಿಸಬೇಕೆಂದು ಶಾಸ್ತ್ರವು ಹೇಳಿರುವುದಾದರೂ, ಅವರ ವಿವಾಹಕ್ಕೆ ಅಡ್ಡಿಯಾದ ಶ್ಲೋಕವು ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿರುವುದು.

ಈ ಎರಡು ಎಳೆಗಳೂ ಆಧುನಿಕ ಕಾನೂನಿನವರೆಗೆ ಬಂದುವು. ಬ್ರಿಟಿಷ್ ಇಂಡಿಯಾದಲ್ಲಿ 1928ರ ಶಾಸನವು ಹುಟ್ಟಿನಿಂದಲೇ ಉನ್ಮತ್ತರೋ ಜಡರೋ ಆದವರನ್ನು ಬಿಟ್ಟು ಉಳಿದ ರೋಗಿಗಳ ದಾಯಾನರ್ಹತೆಯನ್ನು ತೆಗೆದುಹಾಕಿತು. ಸೇಡಂ, ಚಿತ್ತಾಪುರಗಳು ಆಗ ನಿಜಾಮರ ಸಂಸ್ಥಾನದಲ್ಲಿದ್ದುವು. 1956ರ ಹಿಂದೂ ಉತ್ತರಾಧಿಕಾರ ಶಾಸನದ 28ನೆಯ ವಿಧಿಯು ರೋಗ, ಅಂಗವೈಕಲ್ಯಗಳಾವುವೂ ದಾಯಕ್ಕೆ ಅಡ್ಡಿಯಲ್ಲವೆಂದು ಘೋಷಿಸಿತು. ವಿವಾಹದ ಎಳೆಯು ಹೀಗೆ ಬೇಗ ಕಡಿಯಲಿಲ್ಲ. 1955ರ ಹಿಂದೂ ವಿವಾಹ ಶಾಸನವು ಸಾಪಿಂಡ್ಯವನ್ನು ತಾಯಿಯ ಕಡೆ ಮೂರಕ್ಕೂ ತಂದೆಯ ಕಡೆ ಐದಕ್ಕೂ ಇಳಿಸಿ ರೂಢಿಗೆ ವಿನಾಯಿತಿ ಕೊಟ್ಟಿತು. ಆದರೆ ಅಸಾಧ್ಯವಾದ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿ ಉಳಿಸಿಕೊಂಡಿತು. 1976ರ ತಿದ್ದುಪಡಿಯು ಪದೇ ಪದೇ ಬರುವ ಅಪಸ್ಮಾರವನ್ನು ವಿವಾಹಕ್ಕೆ ಪ್ರತಿಬಂಧಕವೆಂದು ಹೊಸದಾಗಿ ಸೇರಿಸಿತು. ಅಪಸ್ಮಾರದ ಆ ಪದವು 1999ರಲ್ಲಿ ಹೋಯಿತು, ಕುಷ್ಠದ ಪದವು 2019ರಲ್ಲಿ ಹೋಯಿತು. ಶ್ವಿತ್ರವು ಶಾಸನದಲ್ಲಿ ಎಂದೂ ಸೇರಿರಲಿಲ್ಲವಾದುದರಿಂದ ಅದನ್ನು ತೆಗೆದುಹಾಕುವ ಪ್ರಸಂಗವೂ ಬರಲಿಲ್ಲ. ಕನ್ಯಾನಿರೀಕ್ಷಣೆಯ ದಿನ ತುಂಬುತೋಳಿನ ರವಿಕೆಯ ಕೆಳಗೆ ಅದು ಇಂದಿಗೂ ಮರೆಯಾಗಿಯೇ ಇರುವುದು.